ಮೂವತ್ತೆಂಟು

ಟೊಪೀಕಾದಲ್ಲಿ ಡಿಸೆಂಬರ್. ಕ್ಯಾನ್ಸಸ್ ಅವೆನ್ಯೂದಲ್ಲಿ
ಹಲ್ಲಿನ ಡಾಕ್ಟರರ ಮೇಲ್ಮಹಡಿ ನಮ್ಮ ಕಚೇರಿ:
ಎರಡು ಮೇಜು, ಒಂದು ಹೀಟರು, ನಾನು, ಮಾರ್ಜೊರಿ.
ನೂರಿಪ್ಪತ್ತೈದು ಶಾಸಕರ ಒಂದು ವರ್ಷವನ್ನು
ಅಳೆದು ತೂಗಿ ನೂರು ಅಂಕಕ್ಕೆ ಇಳಿಸುವುದು ಕಸುಬು.

ಹಾಜರಿಗೆ ಇಪ್ಪತ್ತು. ಮಂಡಿಸಿದ ಮಸೂದೆಗೆ ಇಪ್ಪತ್ತು.
ಪಾಸಾದರೆ ಇನ್ನಿಪ್ಪತ್ತು. ಉಳಿದ ನಲವತ್ತು
ಎದುರು ಪಕ್ಷದವರ ಜೊತೆ ಹಾಕಿದ ಸಹಿಗೆ.
ಸಹಿ ಎಣಿಸುವುದು ಸುಲಭ, ಅದಕ್ಕೇ ನಲವತ್ತು.
ಹೀಗೆಂದು ಕೈಪಿಡಿಯಲ್ಲಿ ಬರೆದಿಲ್ಲ.

ಈ ಸಲ ಮೊದಲ ಸ್ಥಾನ ಒಬ್ಬ ಹಸನ್ಮುಖಿಗೆ, ತೊಂಬತ್ತಾರು.
ಬಾರ್ಬೆಕ್ಯೂ ಸಾಸಿಗೊಂದು ರಾಜ್ಯಮರ್ಯಾದೆ,
ಉಪ್ಪಿನಕಾಯಿಗೊಂದು ದಿನಾಚರಣೆ,
ಕಂಡವರ ಮಸೂದೆಗೆಲ್ಲ ಮದುವೆ ಮುಯ್ಯಿಯ ಹಾಗೆ ರುಜು.
ಕಡೆಯಿಂದ ಆರನೆಯವಳು ಲೋರ್ನಾ ಫನೆನ್‌ಸ್ಟೀಲ್,
ಪಡುವಣ ಗೋಧಿ ಸೀಮೆಯವಳು. ಮೂವತ್ತೆಂಟು.

ಸೋಮವಾರ ಫೋನು. ಅವಳದಲ್ಲ.
ಎದುರು ಬೆಂಚಿನ ಟೈರೆಲ್ ಗೇನ್ಸ್, ಎಂಬತ್ತೊಂದರವನು:
"ನನ್ನ ಅಂಕದಲ್ಲಿ ತಪ್ಪಿದೆ, ಸ್ವಲ್ಪ ಕಳೆಯಿರಿ."
ಹನ್ನೊಂದು ವರ್ಷದಲ್ಲಿ ಕೂಡಿಸಿ ಅಂದವರಿಗೆ ಲೆಕ್ಕವಿಲ್ಲ,
ಕಳೆಯಿರಿ ಅಂದವನು ಇವನೊಬ್ಬ.

ಡಯಾಲಿಸಿಸ್ ವ್ಯಾನಿನ ಮಸೂದೆ ಅವಳದಂತೆ.
ಹಳದಿ ಕಾಗದದ ಮೇಲೆ ಹೊಡೆದು ಹೊಡೆದು ತಿದ್ದಿ ಬರೆದದ್ದು,
ತೊಂಬತ್ತು ಮೈಲಿ ದೂರ, ವಾರಕ್ಕೆ ಮೂರು ಸಲ
ರಕ್ತ ತೊಳೆಸಿಕೊಳ್ಳಲು ಹೋಗುವವರಿಗಾಗಿ.
ಸಮಿತಿಯ ಅಧ್ಯಕ್ಷ ಅವಳದೇ ಪಕ್ಷದವನು,
ಇಬ್ಬರಿಗೂ ಎಣ್ಣೆ ಸೀಗೆಕಾಯಿ.
ಎದುರಾಳಿಗೆ ಬೇಕಾದರೆ ಕೊಟ್ಟಾನು, ಇವಳಿಗೆ ಕೊಡಲಾರ.
ಪಾರ್ಕಿಂಗ್ ಜಾಗದಲ್ಲಿ, ಹಿಮ ಬೀಳುತ್ತಿರುವಾಗ,
ಕಾರಿನ ಕಿಟಕಿಯಿಂದ ಕಿಟಕಿಗೆ ಕಾಗದ ದಾಟಿಸಿ
"ನಿನ್ನ ಕೂಸು ಅನ್ನು" ಅಂದಳಂತೆ. "ನನ್ನ ಸಹಿ ಎಲ್ಲೂ ಬೇಡ."

"ಎರಡು ಪಕ್ಷ ಸೇರಿ ಮಾಡಿದ ಕೆಲಸ ಈ ವರ್ಷ ಅದೊಂದೇ,
ನಿಮ್ಮ ಹಾಳೆಯಲ್ಲಿ ಅದೇ ಇಲ್ಲ" ಎಂದು ಗೇನ್ಸ್ ಫೋನಿಟ್ಟ.

ಮಾರ್ಜೊರಿ ಕನ್ನಡಕ ಒರೆಸಿದಳು.
"ಸಹಿ ಇಲ್ಲ ಅಂದರೆ ಇಲ್ಲ. ಇವತ್ತು ಇವಳಿಗೆ ಬಗ್ಗಿದರೆ
ನಾಳೆ ನೂರಿಪ್ಪತ್ತನಾಲ್ಕು ಮಂದಿ
ಒಬ್ಬೊಬ್ಬರೂ ಒಂದೊಂದು ಪಾರ್ಕಿಂಗ್ ಕತೆ ಹೊತ್ತು ಬಾಗಿಲಿಗೆ."
ಅವಳು ಹೇಳಿದ್ದು ಸರಿ. ತೊಡಕೇ ಅದು.

ಗದಗಿನ ಅಡತಿ ಅಂಗಡಿಯಲ್ಲಿ ಅಪ್ಪ ಅಳತೆಯವನು.
ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ.
ಲಾಭ, ಎರಡು, ಮೂರು.
ಪಟ್ಟಿಯಿಂದ ಕೊಳಗದ ಬಾಯಿ ಸವರುವಾಗ
ಆಚೆ ಚೆಲ್ಲಿದ ಜೋಳ ರೈತನದಲ್ಲ, ಸಾಹುಕಾರನದೂ ಅಲ್ಲ,
ಕಸ ಹೊಡೆಯುವ ಹುಸೇನಬಿಯದು.
ಮೊರದಲ್ಲಿ ಕೇರಿ, ಮಣ್ಣು ಊದಿ, ಸೆರಗಿಗೆ ಕಟ್ಟಿ,
ಮೂರು ಮಕ್ಕಳ ರೊಟ್ಟಿ ಅವಳು ತಟ್ಟಿದ್ದು
ಯಾವ ಲೆಕ್ಕದ ವಹಿಗೂ ಬಾರದ ಆ ಕಾಳಲ್ಲಿ.
ಅಪ್ಪನ ಕೈ ಯಾಕೋ ಒರಟು ಅಂತ ಸಾಹುಕಾರ ಗೊಣಗುತ್ತಿದ್ದ.
ಮನೆಯಲ್ಲಿ ಅದೇ ಕೈ
ಒಂದು ಹನಿ ಚೆಲ್ಲದೆ ಬಸಿಗೆ ಚಹಾ ಸುರಿಯುತ್ತಿತ್ತು.

ನಾನು ಅಂಕ ತಿದ್ದಲಿಲ್ಲ. ಮೂವತ್ತೆಂಟು ಅಚ್ಚಿಗೆ ಹೋಯಿತು.
ಲೋರ್ನಾ ವರದಿಯ ಎರಡು ಪ್ರತಿ ತರಿಸಿಕೊಂಡಳು,
ಅಂಚೆ ಖರ್ಚಿನ ಚೆಕ್ ಸಹಿತ. ಯಾಕೆಂದು ಬರೆದಿರಲಿಲ್ಲ.
ಚೆಕ್ಕಿನ ಮೇಲಿನ ಸಹಿಯನ್ನು
ಬಹಳ ಹೊತ್ತು ನೋಡುತ್ತ ಕೂತಿದ್ದೆ.

ಮುಂದಿನ ವರ್ಷದ ಕೈಪಿಡಿಯ ಕರಡು ಮೇಜಿನ ಮೇಲಿದೆ.
ಮಾರ್ಜೊರಿ ಊಟಕ್ಕೆ ಹೋಗಿದ್ದಾಳೆ.
ಕೆಳಗೆ ಯಾರದೋ ಹಲ್ಲು ಕೊರೆಯುವ ಸದ್ದು.
ಪಟ್ಟಿಯನ್ನು ಬುಡದಿಂದ ಎಣಿಸತೊಡಗುತ್ತೇನೆ, ಬಾಯೊಳಗೇ:
ಲಾಭ, ಎರಡು, ಮೂರು,
ನಾಲ್ಕು, ಐದು,